ಓದುಗರ ಪ್ರಶ್ನೆ: ಪಂಪ್‌ಹೌಸಿನ ಡೀಸೆಲ್‌ನಿಂದ ಮಿರ್ಚಿ ಬಾಣಲೆಯವರೆಗೆ

ದಾವಣಗೆರೆ, ಚಿತ್ರದುರ್ಗ ಸೀಮೆಯಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಕಿ ಹಿಡಿಯುವ ಎಣ್ಣೆ, ಥಿನ್ನರ್, ಸ್ಪಿರಿಟ್ಟುಗಳ ಬಗ್ಗೆಯೇ ಇದ್ದವು. ಬಿಸಿಲು ಏರಿದೆ, ಭಯವೂ ಏರಿದೆ. ಎಲ್ಲವನ್ನೂ ಒಂದೇ ಕಂತಿನಲ್ಲಿ ತೆಗೆದುಕೊಂಡಿದ್ದೇವೆ. ಕೆಳಗೆ ಬರುವ ಡಿಗ್ರಿಗಳೆಲ್ಲ ಸೆಲ್ಸಿಯಸ್.

ಪ್ರಶ್ನೆ: ಪಂಪ್‌ಹೌಸಿನ ತಗಡಿನ ಶೆಡ್ಡಿನಲ್ಲಿ ಒಂದು ಬ್ಯಾರೆಲ್ ಡೀಸೆಲ್ ಇಟ್ಟಿದ್ದೇವೆ. ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ 35 ಡಿಗ್ರಿ ಎಂದು ಓದಿದೆ. ಏಪ್ರಿಲ್‌ನಲ್ಲಿ ನಮ್ಮ ಶೆಡ್ಡಿನೊಳಗೆ 40 ದಾಟುತ್ತದೆ. ತಾನಾಗಿಯೇ ಹೊತ್ತಿಕೊಳ್ಳುತ್ತದೆಯೇ? ಹೀಗೆ ಇಡಲು ಲೈಸೆನ್ಸ್ ಬೇಕೇ?
— ರೈತರು, ಹಿರಿಯೂರು

ತಾನಾಗಿ ಹೊತ್ತುವುದಿಲ್ಲ. ಆದರೆ ನೀವು ಹೆದರಿದ್ದರಲ್ಲಿ ಅರ್ಧ ನಿಜವಿದೆ.

ಉರಿಯುವುದು ದ್ರವದಿಂದ ಎದ್ದು ಗಾಳಿಯೊಂದಿಗೆ ಬೆರೆತ ಆವಿ. ದ್ರವ ಬಿಸಿಯಾದಷ್ಟೂ ಆವಿ ಹೆಚ್ಚು. ಹತ್ತಿರಕ್ಕೆ ಕಿಡಿ ತಂದರೆ ಒಮ್ಮೆ ಭಗ್ ಎನ್ನುವಷ್ಟು ಆವಿ ಮೇಲ್ಮೈಯಲ್ಲಿ ಸೇರುವ ಕನಿಷ್ಠ ಉಷ್ಣತೆಯೇ ಫ್ಲ್ಯಾಶ್ ಪಾಯಿಂಟ್. ಭಗ್ ಎಂದ ಬೆಂಕಿ ಆರದೆ ನಿಲ್ಲಬೇಕಾದರೆ ಇನ್ನಷ್ಟು ಬಿಸಿ ಬೇಕು, ಅದು ಫೈರ್ ಪಾಯಿಂಟ್. ಕಿಡಿಯೇ ಇಲ್ಲದೆ ಬರೀ ಶಾಖಕ್ಕೆ ಹೊತ್ತಿಕೊಳ್ಳುವುದು ಮೂರನೆಯ ಹಂತ. ಡೀಸೆಲ್‌ಗೆ ಅದು 210 ಡಿಗ್ರಿಗಿಂತ ಮೇಲೆ. ನಿಮ್ಮ ಪಂಪಿನ ಎಂಜಿನ್ ಸ್ಪಾರ್ಕ್ ಪ್ಲಗ್ ಇಲ್ಲದೆ ಓಡುವುದು ಈ ಮೂರನೆಯ ಹಂತದ ಬಲದಿಂದಲೇ: ಗಾಳಿಯನ್ನು ಒತ್ತಿ ಒತ್ತಿ ಅಷ್ಟು ಬಿಸಿ ಮಾಡಿ ಡೀಸೆಲ್ ಸಿಂಪಡಿಸುತ್ತದೆ.

35 ಎನ್ನುವುದು ನಮ್ಮ ದೇಶದ ಮಾನದಂಡ ಕೇಳುವ ಕನಿಷ್ಠ ಮಿತಿ. ಬಂಕಿನಿಂದ ಬರುವ ಡೀಸೆಲ್‌ನದು ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ. ಆದರೂ ಬಿಸಿಲಿಗೆ ಕಾದ ತಗಡಿಗೆ ಒರಗಿ ನಿಂತ ಬ್ಯಾರೆಲ್ಲಿನೊಳಗಿನ ಉಷ್ಣತೆ ಆ ಮಿತಿಯನ್ನು ಮುಟ್ಟಬಲ್ಲದು. ಆಗ ಡೀಸೆಲ್‌ನ ನಡವಳಿಕೆ ಚಳಿಗಾಲದ ಡೀಸೆಲ್‌ನಂತಿರುವುದಿಲ್ಲ. 'ಡೀಸೆಲ್‌ಗೆ ಕಡ್ಡಿ ಗೀರಿ ಹಾಕಿದರೂ ಆರಿಹೋಗುತ್ತದೆ' ಎಂಬ ಊರಮಾತನ್ನು ಮೇ ತಿಂಗಳ ಮಧ್ಯಾಹ್ನ ನಂಬಬೇಡಿ.

ನಿಮ್ಮ ಶೆಡ್ಡಿನಲ್ಲಿ ಕಿಡಿ ಎಲ್ಲಿದೆ ಎಂದು ಒಮ್ಮೆ ನೋಡಿ. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿದೆ. ಒಳಗಿನ ಕಾಂಟ್ಯಾಕ್ಟರ್ ಒಮ್ಮೆ ಕೂತು ಎದ್ದರೆ ಒಂದು ಕಿಡಿ. ಬ್ಯಾರೆಲ್ ಆ ಪೆಟ್ಟಿಗೆಯ ಕೆಳಗಿದ್ದರೆ ಇವತ್ತೇ ಎದುರು ಮೂಲೆಗೆ ಸರಿಸಿ. ಇನ್ನೂ ಒಳ್ಳೆಯದೆಂದರೆ ಹೊರಗೆ, ನೆರಳಿನ ಚಪ್ಪರದಡಿ. ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಆದ್ದರಿಂದ ಗೋಡೆಯ ಬುಡದಲ್ಲಿ ಕಿಂಡಿ ಬೇಕು. ಮೇಲಿನ ಕಿಟಕಿಯೊಂದೇ ಇದ್ದರೆ ಸಾಲದು. ಬ್ಯಾರೆಲ್ಲನ್ನು ಗಂಟಲವರೆಗೆ ತುಂಬಬೇಡಿ. 20 ಡಿಗ್ರಿ ಏರಿದರೆ 200 ಲೀಟರ್ ಡೀಸೆಲ್ ಮೂರು ಲೀಟರಿಗೂ ಹೆಚ್ಚು ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಬಿರಡೆಯ ಸಂದಿನಿಂದ ಸೋರುತ್ತದೆ. ಸೋರಿದ್ದನ್ನು ಒರೆಸಿದ ಗೋಣಿಚೀಲ ಬ್ಯಾರೆಲ್ಲಿಗಿಂತ ಅಪಾಯಕಾರಿ. ಬಟ್ಟೆ ದೀಪದ ಬತ್ತಿಯ ಕೆಲಸ ಮಾಡುತ್ತದೆ: ನೂಲಿನ ತುದಿಯಲ್ಲಿರುವ ತೊಟ್ಟು ಎಣ್ಣೆಯನ್ನು ಬಿಸಿ ಮಾಡಲು ಒಂದು ಕಡ್ಡಿ ಸಾಕು, ಅಲ್ಲಿ ಫ್ಲ್ಯಾಶ್ ಪಾಯಿಂಟ್ ಲೆಕ್ಕಕ್ಕೇ ಬರುವುದಿಲ್ಲ. ಪೈಪು ತೂತಾಗಿ ಮಂಜಿನಂತೆ ಚಿಮ್ಮುವ ಡೀಸೆಲ್‌ಗೂ ಇದೇ ಮಾತು.

ಕಾನೂನಿನ ಮಾತು ಕೇಳಿದ್ದೀರಿ. 1934ರ ಪೆಟ್ರೋಲಿಯಂ ಕಾಯ್ದೆ ಇಂಧನಗಳನ್ನು ಫ್ಲ್ಯಾಶ್ ಪಾಯಿಂಟ್ ನೋಡಿಯೇ ವಿಂಗಡಿಸುತ್ತದೆ. 23ಕ್ಕಿಂತ ಕೆಳಗಿನವು 'ಎ' ವರ್ಗ, 23ರಿಂದ 65ರೊಳಗಿನವು 'ಬಿ'. ಡೀಸೆಲ್, ಸೀಮೆಎಣ್ಣೆ 'ಬಿ'ಯವು. ಒಂದೇ ಜಾಗದಲ್ಲಿ ಒಟ್ಟು 2500 ಲೀಟರ್ ಮೀರದೆ, ಯಾವ ಪಾತ್ರೆಯೂ 1000 ಲೀಟರಿಗಿಂತ ದೊಡ್ಡದಾಗಿರದಿದ್ದರೆ ಲೈಸೆನ್ಸ್ ಬೇಡ. ಪೆಟ್ರೋಲ್ 'ಎ' ವರ್ಗದ್ದು. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಮಾತ್ರ ವಿನಾಯಿತಿ. ಅದೂ ಭದ್ರ ಮುಚ್ಚಳದ, 25 ಲೀಟರ್ ಮೀರದ ಲೋಹದ ಡಬ್ಬಿಯಲ್ಲಿ. ಗಾಜಿನದಾದರೆ ಒಂದು ಲೀಟರ್ ಮಾತ್ರ.

ಪ್ರಶ್ನೆ: ನಮ್ಮ ಡೀಸೆಲ್ ಗಾಡಿಗೆ ಹುಡುಗ ತಪ್ಪಿ ಮೂರು ಲೀಟರ್ ಪೆಟ್ರೋಲ್ ಹಾಕಿಸಿದ್ದಾನೆ. ಟ್ಯಾಂಕಿನಲ್ಲಿ ಒಟ್ಟು 40 ಲೀಟರ್ ಇದೆ. ಅಷ್ಟರಿಂದ ಏನೂ ಆಗುವುದಿಲ್ಲ, ಓಡಿಸಿ ಎನ್ನುತ್ತಾರೆ.
— ಗಾಡಿ ಮಾಲೀಕರು, ದಾವಣಗೆರೆ

ಓಡಿಸಬೇಡಿ. ಕೀಲಿಯನ್ನೂ ತಿರುಗಿಸಬೇಡಿ, ಎಷ್ಟೋ ಗಾಡಿಗಳಲ್ಲಿ ಕೀಲಿ ತಿರುಗಿದೊಡನೆ ಟ್ಯಾಂಕಿನೊಳಗಿನ ಪಂಪ್ ಶುರುವಾಗಿ ಬೆರಕೆಯನ್ನು ಎಂಜಿನ್‌ವರೆಗೆ ಎಳೆದು ತರುತ್ತದೆ.

ಎಂಜಿನ್ನಿನ ಹಾನಿ ಎಲ್ಲರಿಗೂ ಗೊತ್ತಿರುವುದೇ: ಹೈ ಪ್ರೆಷರ್ ಪಂಪು, ಇಂಜೆಕ್ಟರುಗಳಿಗೆ ಡೀಸೆಲ್ಲೇ ಜಾರುಎಣ್ಣೆ. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಬಿಡುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಬೆಂಕಿಯ ಕಡೆಯಿಂದ ಇದು ಇನ್ನೂ ಕುತೂಹಲದ ವಿಷಯ. ಪೆಟ್ರೋಲ್‌ನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 43 ಡಿಗ್ರಿ ಕೆಳಗೆ. ಹಾಗಿದ್ದೂ ಪೆಟ್ರೋಲ್ ಟ್ಯಾಂಕಿನ ಒಳಗಡೆ ಬೆಂಕಿ ಹಬ್ಬುವುದು ಅಪರೂಪ. ಅಲ್ಲಿ ಆವಿ ವಿಪರೀತ ದಟ್ಟ, ಉರಿಯಲು ಗಾಳಿ ಸಾಲದು. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು 1.4ರಿಂದ 7.6 ಶೇಕಡಾ ಇದ್ದಾಗ ಮಾತ್ರ ಹೊತ್ತುತ್ತದೆ. ಟ್ಯಾಂಕಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಡೀಸೆಲ್ ಟ್ಯಾಂಕಿನಲ್ಲಿ ಉಲ್ಟಾ, ಆವಿ ತೀರಾ ತೆಳು. ಎರಡೂ ತಮ್ಮ ತಮ್ಮ ಮನೆಯಲ್ಲಿ ಒಂದು ಬಗೆಯಲ್ಲಿ ಕ್ಷೇಮ. ಡೀಸೆಲ್‌ಗೆ ಒಂದಿಷ್ಟು ಪೆಟ್ರೋಲ್ ಬೆರೆಸಿದಿರೋ, ಆವಿ ಸರಿಯಾಗಿ ಆ ನಡುವಿನ ಅಂತರಕ್ಕೆ ಬಂದು ಕೂರುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಈಗಿರುವುದು ಅದೇ.

ಹಿಮ ಬೀಳುವ ದೇಶಗಳಲ್ಲಿ ಹಿಂದೆ ಡೀಸೆಲ್ ಹೆಪ್ಪುಗಟ್ಟದಿರಲೆಂದು ಸ್ವಲ್ಪ ಪೆಟ್ರೋಲ್ ಬೆರೆಸುತ್ತಿದ್ದದ್ದುಂಟು. ಹಳೆಯ ಎಂಜಿನ್‌ಗಳ ಆ ಉಪಾಯ ದಾವಣಗೆರೆಯ ಬಿಸಿಲಿಗೆ ಹೇಳಿದ್ದಲ್ಲ. ಗಾಡಿಯನ್ನು ತಳ್ಳಿಸಿ, ಬಯಲಿನಲ್ಲಿ ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ. ತೆಗೆದ ಬೆರಕೆಯನ್ನು ಪೆಟ್ರೋಲ್ ಎಂದೇ ತಿಳಿದು ಲೋಹದ ಡಬ್ಬಿಗೆ ಹಾಕಿ, ಮೇಲೆ ಬರೆದಿಡಿ. ಚರಂಡಿಗೆ ಸುರಿಯಬೇಡಿ.

ಪ್ರಶ್ನೆ: ಖಾಲಿ ಡ್ರಮ್ಮುಗಳನ್ನು ಕತ್ತರಿಸಿ ನೀರಿನ ತೊಟ್ಟಿ, ಒಲೆ ಮಾಡಿಕೊಡುತ್ತೇವೆ. ತೊಳೆದು, ಒಂದು ದಿನ ಬಿಸಿಲಿಗಿಟ್ಟು ಗ್ಯಾಸ್ ಕಟರ್ ಹಿಡಿಯುತ್ತೇವೆ. ಇಷ್ಟು ಸಾಕೇ?
— ಫ್ಯಾಬ್ರಿಕೇಶನ್ ಕೆಲಸದವರು, ಹರಿಹರ

ಸಾಲದು. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ಮು ಕೆಟ್ಟದ್ದು.

ಲೆಕ್ಕ ನೋಡಿ. ಥಿನ್ನರಿನ ಮುಖ್ಯ ಅಂಶ ಟಾಲ್ವೀನ್. ಅದರ ಆವಿ ಗಾಳಿಯಲ್ಲಿ ಶೇಕಡಾ 1.1 ಆದರೆ ಸಾಕು, ಹೊತ್ತುತ್ತದೆ. 200 ಲೀಟರ್ ಡ್ರಮ್ಮಿನಲ್ಲಿ ಅಷ್ಟು ಆವಿ ತುಂಬಲು ಬೇಕಾದ ಟಾಲ್ವೀನ್ ಸುಮಾರು 10 ಮಿಲಿ, ಅಂದರೆ ಎರಡು ಟೀ ಚಮಚ. ಡ್ರಮ್ಮನ್ನು ಬೋರಲು ಹಾಕಿದರೂ ಅಂಚಿನ ಮಡಿಕೆಯಲ್ಲಿ ಅಷ್ಟು ಉಳಿದೇ ಉಳಿಯುತ್ತದೆ. ಮುಚ್ಚಿದ ಜಾಗದಲ್ಲಿ ಆ ಆವಿ ಹೊತ್ತಿದರೆ ಒತ್ತಡ ಸುಮಾರು ಎಂಟು ಪಟ್ಟು ಏರುತ್ತದೆ. ಡ್ರಮ್ಮಿನ ಮುಚ್ಚಳ ಅದಕ್ಕೆ ಎಷ್ಟೋ ಮೊದಲೇ ಹಾರುತ್ತದೆ. ಕಟರ್ ಹಿಡಿದವರು ನಿಂತಿರುವುದು ಸಾಮಾನ್ಯವಾಗಿ ಆ ಮುಚ್ಚಳದ ಎದುರಿಗೇ.

'ಇದರಲ್ಲಿದ್ದದ್ದು ಬರೀ ಎಂಜಿನ್ ಆಯಿಲ್, ಅದರ ಫ್ಲ್ಯಾಶ್ ಪಾಯಿಂಟ್ 200ರ ಮೇಲೆ' ಎಂದು ಧೈರ್ಯ ತಂದುಕೊಳ್ಳುವವರಿದ್ದಾರೆ. ಕಟರಿನ ಜ್ವಾಲೆ ಬಿದ್ದಲ್ಲಿ ತಗಡು ಸಾವಿರ ಡಿಗ್ರಿ ದಾಟುತ್ತದೆ. ಒಳಗೋಡೆಗೆ ಅಂಟಿದ ಜಿಡ್ಡು ಅಲ್ಲಿಯೇ ಕಾದು, ಒಡೆದು, ಆವಿಯಾಗುತ್ತದೆ. ನೀವೇ ಆವಿ ತಯಾರಿಸಿ, ನೀವೇ ಕಿಡಿ ಕೊಟ್ಟಂತೆ. ಹೀಗಾಗಿ ಗ್ಯಾಸ್ ಮೀಟರ್ ಸೊನ್ನೆ ತೋರಿಸಿದರೂ ಜಿಡ್ಡಿನ ಡ್ರಮ್ಮಿನಲ್ಲಿ ಅದನ್ನು ನಂಬುವಂತಿಲ್ಲ. ಕೆಲಸ ಶುರುವಾಗುವ ಮೊದಲಿನ ಸ್ಥಿತಿಯಷ್ಟೇ ಮೀಟರಿಗೆ ಗೊತ್ತು.

ಬರೀ ತಣ್ಣೀರಿನಲ್ಲಿ ತೊಳೆದರೆ ಎಣ್ಣೆ ಹೋಗುವುದಿಲ್ಲ. ಎರಡೂ ಬಿರಡೆ ತೆಗೆದು, ಬಿಸಿನೀರಿಗೆ ಡಿಟರ್ಜೆಂಟ್ ಇಲ್ಲವೇ ಕಾಸ್ಟಿಕ್ ಸೋಡಾ ಬೆರೆಸಿ ಎರಡು ಸಲ ಕುಲುಕಿ ತೊಳೆಯಿರಿ; ಕಾಸ್ಟಿಕ್ ಆದರೆ ಕೈಗವಸು, ಕನ್ನಡಕ ಬೇಕೇ ಬೇಕು. ಹಬೆಯ ಅನುಕೂಲವಿದ್ದರೆ, ಡ್ರಮ್ಮಿನ ಮೈ ಕೈ ಇಡಲಾಗದಷ್ಟು ಬಿಸಿಯಾಗಿ ಕೆಳಗೆ ಇಳಿಯುವ ನೀರು ಜಿಡ್ಡು–ವಾಸನೆ ಇಲ್ಲದೆ ಬರುವವರೆಗೆ ಬಿಡಿ. ಹಬೆಯ ಪೈಪಿಗೂ ಡ್ರಮ್ಮಿಗೂ ಅರ್ತ್ ತಂತಿ ಕಟ್ಟಿ, ಹಬೆಯ ರಭಸಕ್ಕೂ ಸ್ಥಿರವಿದ್ಯುತ್ ಹುಟ್ಟುತ್ತದೆ. ಆಮೇಲೆ, ಇದು ಬಿಡಲೇಬಾರದ ಹೆಜ್ಜೆ: ಕತ್ತರಿಸುವ ಗೆರೆಗೆ ಒಂದೆರಡು ಅಂಗುಲ ಕೆಳಗಿನವರೆಗೆ ನೀರು ತುಂಬಿ, ಮೇಲಿನ ಬಿರಡೆ ತೆರೆದೇ ಇಟ್ಟು ಕತ್ತರಿಸಿ. ಒಳಗೆ ಗಾಳಿಗೆ ಜಾಗವೇ ಇಲ್ಲದಿದ್ದರೆ ಆವಿಗೂ ಇಲ್ಲ. ಸಿಲಿಂಡರಿನ ಆಕ್ಸಿಜನ್ ಬಿಟ್ಟು ಡ್ರಮ್ಮನ್ನು 'ಊದುವುದು' ಕೆಲವೆಡೆ ರೂಢಿಯಲ್ಲಿದೆ. ಅದು ಬೆಂಕಿಗೆ ತುಪ್ಪ.

ಕೀಟನಾಶಕದ ಡ್ರಮ್ಮು, ಲೇಬಲ್ ಇಲ್ಲದ ಡ್ರಮ್ಮು ಬಂದರೆ ವಾಪಸ್ ಕಳಿಸಿ. ಒಂದು ತೊಟ್ಟಿಯ ಲಾಭ ಅಷ್ಟಕ್ಕೆ ಬಾಳುವುದಿಲ್ಲ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ಪೆನ್‌ಸ್ಕಿ ಮಾರ್ಟೆನ್ಸ್ ಉಪಕರಣದಿಂದ (ಮುಚ್ಚಿದ ಬಟ್ಟಲಲ್ಲಿ ಎಣ್ಣೆ ಕಾಯಿಸಿ ಜ್ವಾಲೆ ತೋರಿಸುವಂಥದ್ದು) ಅಳೆದಾಗಲೆಲ್ಲ ಫ್ಲ್ಯಾಶ್ ಪಾಯಿಂಟ್ ಎರಡು ಡಿಗ್ರಿ ಕಡಿಮೆ ಬರುತ್ತದೆ. ಉಪಕರಣ ಕೆಟ್ಟಿದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ

ಉಪಕರಣವನ್ನು ದೂರುವ ಮೊದಲು ಊರಿನ ಎತ್ತರ ನೋಡಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ 730ರ ಆಸುಪಾಸು. ಮೇಲೇರಿದಂತೆ ವಾಯುಭಾರ ಇಳಿಯುತ್ತದೆ, ಆವಿ ಸುಲಭವಾಗಿ ಏಳುತ್ತದೆ, ಹೊತ್ತುವುದೂ ಬೇಗ. ತಿದ್ದುಪಡಿ ಸೂತ್ರ ಸರಳ: 101.3ರಿಂದ ನಿಮ್ಮ ಲ್ಯಾಬಿನ ವಾಯುಭಾರವನ್ನು ಕಿಲೋಪಾಸ್ಕಲ್‌ನಲ್ಲಿ ಕಳೆಯಿರಿ, 0.25ರಿಂದ ಗುಣಿಸಿ, ಬಂದದ್ದನ್ನು ಅಳತೆಗೆ ಕೂಡಿಸಿ. ದಾವಣಗೆರೆಯಲ್ಲಿ ಭಾರ 94.3ರಷ್ಟಿರುತ್ತದೆ. ವ್ಯತ್ಯಾಸ 7, ತಿದ್ದುಪಡಿ 1.75 ಡಿಗ್ರಿ. ನಿಮ್ಮ 'ಎರಡು ಡಿಗ್ರಿ' ಹೆಚ್ಚುಕಡಿಮೆ ಅಲ್ಲೇ ಸಿಕ್ಕಿತು. ಒಂದು ಎಚ್ಚರ: ಹವಾಮಾನ ವರದಿಯ ವಾಯುಭಾರವನ್ನು ಮೊದಲೇ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿರುತ್ತಾರೆ. ಅದನ್ನು ಬಳಸಿದರೆ ತಿದ್ದುಪಡಿ ಮಾಯ. ಲ್ಯಾಬಿನ ಬ್ಯಾರೋಮೀಟರನ್ನೇ ಓದಿ.

ಉಳಿದ ತಪ್ಪುಗಳು ಕೈಯವು. ಹಿಂದಿನ ಬ್ಯಾಚಿನವರು ಎಣ್ಣೆ ಹಾಕುವ ಕಪ್ಪನ್ನು (ಬಟ್ಟಲನ್ನು) ಅಸಿಟೋನ್‌ನಲ್ಲಿ ತೊಳೆದು ಪೂರ್ತಿ ಒಣಗಿಸದೆ ಇಟ್ಟಿದ್ದರೆ ಉತ್ತರ ಹತ್ತಾರು ಡಿಗ್ರಿ ಕುಸಿಯಬಹುದು. ಅಸಿಟೋನ್‌ನದು ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಕಾಯಿಸುವ ವೇಗ ನಿಮಿಷಕ್ಕೆ 5ರಿಂದ 6 ಡಿಗ್ರಿ ಮೀರಬಾರದು. ನಿರೀಕ್ಷಿತ ಬಿಂದುವಿಗೆ 23 ಡಿಗ್ರಿ ಹಿಂದಿನಿಂದಲೇ ಜ್ವಾಲೆ ತೋರಿಸಲು ಶುರು ಮಾಡಿ, 110ರವರೆಗೆ ಪ್ರತಿ ಡಿಗ್ರಿಗೊಮ್ಮೆ. ತೋರಿಸುವ ಗಳಿಗೆಯಲ್ಲಿ ಕಲಕುವುದನ್ನು ನಿಲ್ಲಿಸಿ. ಪರೀಕ್ಷಾ ಜ್ವಾಲೆಯ ಸುತ್ತ ನೀಲಿ ಪ್ರಭೆ ಹಿಗ್ಗಿದರೆ ಅದು ಫ್ಲ್ಯಾಶ್ ಅಲ್ಲ, ಹತ್ತಿರ ಬಂದಿದ್ದೀರೆಂಬ ಸೂಚನೆ ಅಷ್ಟೇ. ಫ್ಯಾನ್ ಬಂದ್ ಮಾಡಿ. ತೆರೆದ ಕಪ್ಪಿನಲ್ಲಿ ಆವಿ ಚದುರುವುದರಿಂದ ಅದೇ ಎಣ್ಣೆ ಮುಚ್ಚಿದ ಕಪ್ಪಿಗಿಂತ ಹೆಚ್ಚಿನ ಅಂಕಿ ಕೊಡುತ್ತದೆ. ಎರಡು ಪುಸ್ತಕಗಳಲ್ಲಿ ಎರಡು ಅಂಕಿ ಕಂಡರೆ ಕಾರಣ ಬಹುಮಟ್ಟಿಗೆ ಇದೇ.

ಪ್ರಶ್ನೆ: ಮಿರ್ಚಿ ಕರಿಯುವಾಗ ಬಾಣಲೆಯ ಎಣ್ಣೆಗೇ ಬೆಂಕಿ ಹತ್ತಿದರೆ ಏನು ಮಾಡಬೇಕು? ನೀರು ಹಾಕಬಾರದು ಎನ್ನುತ್ತಾರೆ, ಯಾಕೆ?
— ಮಂಡಕ್ಕಿ–ಮಿರ್ಚಿ ಅಂಗಡಿಯವರು, ದಾವಣಗೆರೆ

ಮಿರ್ಚಿ ಕರಿಯಲು 170ರಿಂದ 190 ಡಿಗ್ರಿ ಸಾಕು. ರಿಫೈನ್ಡ್ ಕಡಲೆಎಣ್ಣೆ ಹೊಗೆಯಾಡುವುದು 230ರ ಸುಮಾರಿಗೆ, ಗಾಣದ ಎಣ್ಣೆ ಅದಕ್ಕೂ ಬಹಳ ಮೊದಲೇ. ಫ್ಲ್ಯಾಶ್ ಪಾಯಿಂಟ್ 300ರ ಆಚೀಚೆ. 350ರ ಹತ್ತಿರಕ್ಕೆ ಹೋದರೆ ಒಲೆಯ ಜ್ವಾಲೆ ತಾಕದಿದ್ದರೂ ತಾನೇ ಹೊತ್ತುತ್ತದೆ. ಪದೇಪದೇ ಕಾಯಿಸಿ ಕಪ್ಪಾದ ಎಣ್ಣೆಗೆ ಈ ಅಂಕಿಗಳೆಲ್ಲ ಕೆಳಗಿಳಿಯುತ್ತವೆ. ಬಾಣಲೆ ಮುಕ್ಕಾಲು ಖಾಲಿಯಾದ ಮೇಲೂ ಉರಿ ಮೊದಲಿನಷ್ಟೇ ಇಟ್ಟು, ಹಿಟ್ಟು ಕಲಸಲು ಆಚೆ ಹೋಗುವ ಐದು ನಿಮಿಷವಿದೆಯಲ್ಲ, ಬೆಂಕಿ ಹತ್ತುವುದು ಆಗಲೇ.

ಹತ್ತಿದರೆ ಮೊದಲು ಗ್ಯಾಸ್ ಬಂದ್. ಬಾಣಲೆಗಿಂತ ಅಗಲದ ತಗಡಿನ ಮುಚ್ಚಳವನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತ ಮುಚ್ಚಿ. ಮೇಲಿನಿಂದ ಹಾಕಿದರೆ ಕೈ ಸುಡುತ್ತದೆ. ಜ್ವಾಲೆ ತಕ್ಷಣ ಕಾಣೆಯಾಗುತ್ತದೆ. ತೆರೆದು ನೋಡುವ ಚಪಲ ಬೇಡ. ಎಣ್ಣೆ ಇನ್ನೂ ತಾನೇ ಹೊತ್ತುವ ಬಿಸಿಯಲ್ಲಿದೆ, ಗಾಳಿ ಸಿಕ್ಕೊಡನೆ ಮತ್ತೆ ಭಗ್ ಎನ್ನುತ್ತದೆ. ಬಾಣಲೆ ಪೂರ್ತಿ ತಣಿಯುವವರೆಗೆ ಮುಟ್ಟಬೇಡಿ, ಎತ್ತಿಕೊಂಡು ರಸ್ತೆಗೆ ಓಡಲೇಬೇಡಿ.

ನೀರು ಎಣ್ಣೆಗಿಂತ ಭಾರ, ತಳಕ್ಕಿಳಿಯುತ್ತದೆ. 300 ಡಿಗ್ರಿಯ ಎಣ್ಣೆಯ ತಳದಲ್ಲಿ ಕ್ಷಣಾರ್ಧದಲ್ಲಿ ಹಬೆಯಾಗಿ ಸುಮಾರು 1700 ಪಟ್ಟು ಹಿಗ್ಗುತ್ತದೆ. ಒಂದು ಲೋಟ ನೀರು ಒಂದು ಸಣ್ಣ ಕೋಣೆಯ ಮೂಲೆ ತುಂಬುವಷ್ಟು ಹಬೆಯಾಗಿ, ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಚಾವಣಿಗೆ ಎರಚುತ್ತದೆ. ಒಣ ಪುಡಿಯ ಸಿಲಿಂಡರ್ ಜ್ವಾಲೆ ಆರಿಸೀತು, ಎಣ್ಣೆಯನ್ನು ತಣಿಸುವುದಿಲ್ಲ. ದೊಡ್ಡ ಹೋಟೆಲಿನವರು ಅಡುಗೆಮನೆಗೆಂದೇ ಮಾಡಿದ ವೆಟ್ ಕೆಮಿಕಲ್ ಬಗೆಯದನ್ನು ಇಡಬೇಕು. ಅದು ಎಣ್ಣೆಯ ಮೇಲೆ ಸಾಬೂನಿನಂಥ ನೊರೆಯ ಪದರ ಕಟ್ಟುತ್ತದೆ. ಗಾಡಿಯವರಿಗೆ ಆ ತಗಡಿನ ಮುಚ್ಚಳವೇ ಸಾಕು. ಕೈಗೆ ಸಿಗುವಲ್ಲಿ ನೇತುಹಾಕಿ. ಬಾಣಲೆಯ ಹಿಂದಿನ ಮೊಳೆಗೆ ಬೇಡ, ಬೆಂಕಿ ದಾಟಿ ಕೈ ಚಾಚಬೇಕಾಗುತ್ತದೆ.

ಪ್ರಶ್ನೆ: ಮಂಡಕ್ಕಿ ಭಟ್ಟಿಗೆ ಮಳೆಗಾಲದಲ್ಲಿ ಹೊಟ್ಟು ಹಸಿಯಾಗಿ ಬೇಗ ಹತ್ತುವುದಿಲ್ಲ. ಸ್ವಲ್ಪ ಪೆಟ್ರೋಲ್ ಚಿಮುಕಿಸಬಹುದೇ?
— ದಾವಣಗೆರೆ

ಬೇಡ. ಸೀಮೆಎಣ್ಣೆಯನ್ನೂ ಕೆಂಡ ಇರುವ ಒಲೆಗೆ ಸುರಿಯಬೇಡಿ. ಕೆಂಡದ ಮೇಲೆ ಬಿದ್ದದ್ದು ಮೊದಲು ಬಿಳಿ ಹೊಗೆಯಂತೆ ಏಳುತ್ತದೆ. ಅದು ಹೊಗೆಯಲ್ಲ, ಆವಿ. ನಾಲ್ಕು ಕ್ಷಣ ತುಂಬಿಕೊಂಡು ಒಮ್ಮೆಗೇ ಹೊತ್ತಿ ಒಲೆಯ ಬಾಯಿಂದ ಹೊರಗೆ ನುಗ್ಗುತ್ತದೆ. ಒಣ ತೆಂಗಿನ ಗರಿ, ಚಿಪ್ಪು ಒಂದು ಮೂಲೆಯಲ್ಲಿ ನೆನೆಯದಂತೆ ಇಟ್ಟುಕೊಳ್ಳಿ.

ಪ್ರಶ್ನೆ: ಚಳ್ಳಕೆರೆಯ ಕಡೆ ಹಿಂಡಿಯಿಂದ ಎಣ್ಣೆ ತೆಗೆಯಲು ಹೆಕ್ಸೇನ್ ಬಳಸುತ್ತಾರೆ. ಅದು ಪೆಟ್ರೋಲ್‌ನಷ್ಟೇ ಅಪಾಯವೇ? ಅಷ್ಟೊಂದು ಹಬೆ ಪೈಪುಗಳ ನಡುವೆ ಹೇಗೆ ಇಡುತ್ತಾರೆ?
— ಓದುಗರು, ಚಳ್ಳಕೆರೆ

ಪೆಟ್ರೋಲ್‌ನ ಸೋದರಸಂಬಂಧಿಯೇ. ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ 22 ಡಿಗ್ರಿ ಕೆಳಗೆ, ಗಾಳಿಯಲ್ಲಿ ಶೇಕಡಾ 1.1 ಸೇರಿದರೆ ಹೊತ್ತುತ್ತದೆ, ಆವಿ ಗಾಳಿಯ ಮೂರು ಪಟ್ಟು ಭಾರ. ಹಬೆ ಪೈಪಿನ ಪ್ರಶ್ನೆ ಚೆನ್ನಾಗಿದೆ. ಫ್ಲ್ಯಾಶ್ ಪಾಯಿಂಟ್ ಕೆಳಗಿದ್ದ ಮಾತ್ರಕ್ಕೆ ತಾನೇ ಹೊತ್ತುವ ಉಷ್ಣತೆಯೂ ಕೆಳಗಿರುತ್ತದೆ ಎಂದೇನಿಲ್ಲ. ಹೆಕ್ಸೇನ್‌ಗೆ ಅದು ಸುಮಾರು 225. ಹಬೆಯ ಪೈಪು ಸಾಮಾನ್ಯವಾಗಿ ಅಷ್ಟು ಬಿಸಿಯಿರುವುದಿಲ್ಲ. ವಿಸ್ಕೋಸ್ ನೂಲಿನ ಕೆಲಸಕ್ಕೆ ಬೇಕಾಗುವ ಕಾರ್ಬನ್ ಡೈಸಲ್ಫೈಡ್‌ನ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ 30 ಕೆಳಗೆ, ಹೆಕ್ಸೇನ್‌ಗೆ ಹತ್ತಿರವೇ. ಆದರೆ ಅದು ತಾನೇ ಹೊತ್ತುವುದು 90 ಡಿಗ್ರಿಗೆ. ಅದಕ್ಕೆ ಕುದಿಯುವ ನೀರಿನ ಪೈಪೇ ಬೆಂಕಿಕಡ್ಡಿ.

ಹೆಕ್ಸೇನ್ ಘಟಕದಲ್ಲಿ ಕಣ್ಣಿಡಬೇಕಾದ ಜಾಗ ಚರಂಡಿ, ಗುಂಡಿ, ಕೇಬಲ್ ಕಾಲುವೆ. ಸೋರಿದ್ದು ನೀರಿನ ಮೇಲೆ ತೇಲಿಕೊಂಡು ಬೇಲಿಯಾಚೆಗೂ ಹೋಗುತ್ತದೆ. 1981ರ ಫೆಬ್ರವರಿ 13ರಂದು ಅಮೆರಿಕದ ಲೂಯಿವಿಲ್ ನಗರದಲ್ಲಿ ಸೋಯಾ ಕಾರ್ಖಾನೆಯೊಂದರಿಂದ ಒಳಚರಂಡಿಗೆ ಸೇರಿದ ಹೆಕ್ಸೇನ್, ಮೇಲೆ ಹೋಗುತ್ತಿದ್ದ ಕಾರಿನ ಕಿಡಿಗೆ ಹೊತ್ತಿ, ಎರಡು ಮೈಲಿಗೂ ಹೆಚ್ಚು ಉದ್ದದ ಬೀದಿಗಳು ಕಿತ್ತೆದ್ದವು. ಘಟಕದ ಚರಂಡಿ ಹೊರಗೆ ಸೇರುವ ಮುನ್ನ ದ್ರಾವಕವನ್ನು ತಡೆದು ಬೇರ್ಪಡಿಸುವ ತೊಟ್ಟಿ ಇರಲೇಬೇಕೆನ್ನುವುದು ಇದಕ್ಕೇ.

ಪ್ರಶ್ನೆ: ಮನೆಯ ಬಾಗಿಲು, ಕಪಾಟುಗಳಿಗೆ ಪಾಲಿಶ್ ಮಾಡಿಸುತ್ತಿದ್ದೇವೆ. ಥಿನ್ನರ್ ಬಳಸುವಾಗ ಧೂಳು ಬೀಳದಂತೆ ಕೋಣೆ ಮುಚ್ಚಿಕೊಂಡು ಕೆಲಸ ಮಾಡುತ್ತಾರೆ. ಟರ್ಪೆಂಟೈನ್ ಆದರೆ ಪರವಾಗಿಲ್ಲವೇ?
— ಗೃಹಿಣಿ, ಚಿತ್ರದುರ್ಗ

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ತೆಗೆದುಕೊಳ್ಳಿ. ಸುಮಾರು 1.3 ಲೀಟರ್ ಟಾಲ್ವೀನ್ ಆರಿ ಕೋಣೆಯ ತುಂಬ ಸಮನಾಗಿ ಹರಡಿದರೆ ಇಡೀ ಕೋಣೆ ಹೊತ್ತುವ ಮಟ್ಟಕ್ಕೆ ಬರುತ್ತದೆ. ಕಪಾಟಿನ ಕೆಲಸಕ್ಕೆ ಒಂದೆರಡು ಲೀಟರ್ ಥಿನ್ನರ್ ದೊಡ್ಡ ಮಾತಲ್ಲ. ಆವಿ ಭಾರವಾದ್ದರಿಂದ ಸಮನಾಗಿ ಹರಡುವುದೂ ಇಲ್ಲ. ಮೊಣಕಾಲೆತ್ತರದವರೆಗೆ ಮೊದಲು ದಟ್ಟವಾಗುತ್ತದೆ. ನಿಮ್ಮ ಮೂಗು ಐದಡಿ ಎತ್ತರದಲ್ಲಿದೆ. ನೆಲದ ಹತ್ತಿರದ ಪ್ಲಗ್ ಪಾಯಿಂಟು, ಪಕ್ಕದ ದೇವರಮನೆಯ ದೀಪ, ಬಾಗಿಲ ಸಂದಿನಾಚೆಯ ಗ್ಯಾಸ್ ಒಲೆ, ಪಾಲಿಶಿನವರ ಬೀಡಿ ಎಲ್ಲವೂ ಲೆಕ್ಕಕ್ಕೆ.

ಟರ್ಪೆಂಟೈನ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 35. ಥಿನ್ನರ್‌ಗಿಂತ ನಿಧಾನ, ನಿಜ. ಚಿತ್ರದುರ್ಗದ ಬೇಸಿಗೆಯ ಮಧ್ಯಾಹ್ನ ಆ ನಿಧಾನ ಬಹಳ ಉಳಿಯುವುದಿಲ್ಲ. ಎದುರುಬದುರು ಕಿಟಕಿ ತೆರೆಸಿ. ಧೂಳು ಬಿದ್ದರೆ ಮರಳುಕಾಗದದಿಂದ ಉಜ್ಜಬಹುದು. ಮಾಮೂಲಿ ಎಕ್ಸಾಸ್ಟ್ ಫ್ಯಾನಿನ ಮೋಟಾರ್ ಆ ಆವಿಯ ದಾರಿಯಲ್ಲೇ ಕೂತಿರುವುದರಿಂದ ಅದನ್ನು ನೆಚ್ಚಬೇಡಿ. ಬಾಗಿಲ ಹೊರಗೆ ಫ್ಯಾನ್ ಇಟ್ಟು ಹೊಸ ಗಾಳಿಯನ್ನು ಒಳಕ್ಕೆ ತಳ್ಳಿದರೆ ಮೋಟಾರ್ ಆವಿಯಿಂದ ದೂರ ಉಳಿಯುತ್ತದೆ.

ಸಂಜೆ ಅವರು ಬಿಟ್ಟುಹೋಗುವ ಬಟ್ಟೆಯ ಉಂಡೆಯನ್ನೂ ನೋಡಿ. ಅದರಲ್ಲಿ ಅಗಸೆಎಣ್ಣೆ ಇದ್ದರೆ ಕಥೆ ಬೇರೆ. ಅಗಸೆಎಣ್ಣೆಯ ಫ್ಲ್ಯಾಶ್ ಪಾಯಿಂಟ್ 220ರ ಮೇಲಿದೆ, ಕಾಗದದ ಮೇಲೆ ಸಾಧುಪ್ರಾಣಿ. ಆದರೆ ಅದು ಒಣಗುವುದೆಂದರೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು, ಆಗ ಶಾಖ ಹುಟ್ಟುತ್ತದೆ. ಬಾಗಿಲ ಮೇಲೆ ತೆಳ್ಳಗೆ ಬಳಿದಿದ್ದರೆ ಶಾಖ ಹಾರಿಹೋಗುತ್ತದೆ. ಹತ್ತಿಬಟ್ಟೆಯ ಉಂಡೆಯೊಳಗೆ ಅದು ಸಿಕ್ಕಿಕೊಂಡು, ಏರಿ ಏರಿ, ಕೆಲವು ಗಂಟೆಗಳಲ್ಲಿ ಯಾವ ಕಿಡಿಯೂ ಇಲ್ಲದೆ ಹೊತ್ತುತ್ತದೆ. ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಅಂಗಳದಲ್ಲಿ ಒಣಹಾಕಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಗ್ಯಾರೇಜಿನ ಎಂಜಿನ್ ಆಯಿಲ್ ವೇಸ್ಟ್ ಹೀಗೆ ಸುಲಭಕ್ಕೆ ಕಾಯುವುದಿಲ್ಲ. ಖನಿಜ ತೈಲಕ್ಕೆ ಈ ಗುಣ ಕಡಿಮೆ.

ಪ್ರಶ್ನೆ: ಪೆಟ್ರೋಲ್‌ಗೆ ಶೇಕಡಾ 20 ಎಥನಾಲ್ ಸೇರಿಸಿದ್ದಾರಲ್ಲ, ಅದರಿಂದ ಬೇಗ ಹೊತ್ತುವುದು ಕಡಿಮೆಯಾಗಿದೆಯೇ?
— ಹೊಳಲ್ಕೆರೆ

ಇಲ್ಲ. ಎಥನಾಲ್‌ನದು 13 ಡಿಗ್ರಿ ಇರಬಹುದು, ಬೆರಕೆಯಲ್ಲಿ ಮೊದಲು ಆವಿಯಾಗುವುದು ಪೆಟ್ರೋಲ್‌ನ ಹಗುರ ಭಾಗ. ಅಪಾಯವನ್ನು ನಿರ್ಧರಿಸುವುದು ಅದು. ಶುದ್ಧ ಎಥನಾಲ್ ಅಥವಾ ಸ್ಪಿರಿಟ್ಟಿನ ಡಬ್ಬಿಗೆ ಮಾತ್ರ ಒಂದು ವಿಶೇಷವಿದೆ. ಅದರ ಆವಿ ಶೇಕಡಾ 3.3ರಿಂದ 19ರವರೆಗೆ ಉರಿಯುತ್ತದೆ, 30 ಡಿಗ್ರಿಯ ದಿನ ಮುಚ್ಚಿದ ಡಬ್ಬಿಯಲ್ಲಿ ಶೇಕಡಾ 10ರ ಸುಮಾರು ಇರುತ್ತದೆ. ಅಂದರೆ ನಮ್ಮ ಹವೆಯಲ್ಲಿ ಸ್ಪಿರಿಟ್ ಡಬ್ಬಿಯ ಒಳಗೂ ಬೆಂಕಿ ನುಗ್ಗಬಲ್ಲದು. ಉರಿಯುವ ಒಲೆಗೆ, ಆರಿದಂತೆ ಕಾಣುವ ದೀಪಕ್ಕೆ ಡಬ್ಬಿಯಿಂದ ನೇರ ಸ್ಪಿರಿಟ್ ಸುರಿಯಬಾರದು. ಅದರ ಜ್ವಾಲೆ ಹಗಲಲ್ಲಿ ಕಾಣುವುದೂ ಕಷ್ಟ. ನೀರು ಬೆರೆಸಿದರೂ ಅರ್ಧಕ್ಕರ್ಧ ಮಿಶ್ರಣದ ಫ್ಲ್ಯಾಶ್ ಪಾಯಿಂಟ್ 24 ಅಷ್ಟೇ.

ಪ್ರಶ್ನೆ: ಕರ್ಪೂರಕ್ಕೂ ಫ್ಲ್ಯಾಶ್ ಪಾಯಿಂಟ್ ಇದೆಯೇ?
— ಹೊಸದುರ್ಗ

ಇದೆ, ಸುಮಾರು 65. ಘನವಸ್ತುವಾದರೂ ಕರಗದೆ ನೇರ ಆವಿಯಾಗುವುದರಿಂದ. ಡಬ್ಬಿಯ ಮುಚ್ಚಳ ಹಾಕಿಡಿ, ಬೆಂಕಿಗಲ್ಲದಿದ್ದರೂ ಕರ್ಪೂರ ಉಳಿಯಲಿಕ್ಕೆ.

ಪ್ರಶ್ನೆ: ಅಡಿಕೆ ತೋಟದಲ್ಲಿ ಪವರ್ ಸ್ಪ್ರೇಯರ್ ಓಡುವಾಗ ನಡುವೆ ಪೆಟ್ರೋಲ್ ಮುಗಿಯುತ್ತದೆ. ಬಿಸಿ ಎಂಜಿನ್‌ಗೇ ತುಂಬಿದರೆ ಹೊತ್ತುತ್ತದೆಯೇ?
— ಚನ್ನಗಿರಿ

ಪೆಟ್ರೋಲ್ ತಾನೇ ಹೊತ್ತುವುದು ಸುಮಾರು 250 ಡಿಗ್ರಿ ದಾಟಿದ ಮೇಲೆ. ಬಿಸಿ ಸೈಲೆನ್ಸರ್ ಅಷ್ಟಾಗಬಲ್ಲದು. ಆದರೆ ಬಯಲಿನಲ್ಲಿ ಬಿದ್ದ ತೊಟ್ಟು ಹೊತ್ತುವ ಮೊದಲೇ ಆರಿಹೋಗುವುದರಿಂದ ಬಹಳ ಸಲ ಏನೂ ಆಗುವುದಿಲ್ಲ, ಆ 'ಬಹಳ ಸಲ'ವೇ ಜನರನ್ನು ಕೆಡಿಸಿರುವುದು. ಹೆಚ್ಚಿನ ಬೆಂಕಿ ಹತ್ತುವುದು ಆಮೇಲೆ: ಚೆಲ್ಲಿದ್ದನ್ನು ಒರೆಸದೆ ಅಲ್ಲೇ ಹಗ್ಗ ಎಳೆದಾಗ, ಸಡಿಲವಾದ ಪ್ಲಗ್ ಕ್ಯಾಪಿನ ಕಿಡಿಗೆ. ಸ್ಪ್ರೇಯರನ್ನು ಬೆನ್ನಿನಿಂದ ಇಳಿಸಿ, ಹತ್ತು ನಿಮಿಷ ಆರಲು ಬಿಟ್ಟು, ನೆಲದ ಮೇಲಿಟ್ಟು ಆಲಿಕೆಯಿಂದ ತುಂಬಿ. ಮುಚ್ಚಳ ಬಿಗಿಸಿ, ಒರೆಸಿ, ತುಂಬಿದ ಜಾಗದಿಂದ ಹತ್ತಡಿ ಆಚೆ ಒಯ್ದು ಸ್ಟಾರ್ಟ್ ಮಾಡಿ. ಬಂಕಿನಲ್ಲಿ ಕ್ಯಾನು ತುಂಬಿಸುವಾಗಲೂ ಅದನ್ನು ಬೈಕಿನ ಸೀಟಿನ ಮೇಲೋ ಪಿಕಪ್ಪಿನ ರಬ್ಬರ್ ಹಾಸಿನ ಮೇಲೋ ಇಟ್ಟುಕೊಳ್ಳದೆ ನೆಲಕ್ಕಿಳಿಸಿ, ನಳಿಕೆ ಕ್ಯಾನಿನ ಬಾಯಿಗೆ ತಾಗಿರಲಿ. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತಿಗೆ ಭೂಮಿಗಿಳಿಯಲು ದಾರಿ ಬೇಕು.